ಒಂದನೇ ಕ್ಲಾಸಿನ ಒಂದು ವಾರಕ್ಕೆ ಎಷ್ಟು ವರ್ಷ?

ಒಂದನೇ ಕ್ಲಾಸಿನ ಮಗು ಒಂದು ವಾರದಲ್ಲಿ ಏನು ಕಲಿಯುತ್ತದೆ? ಈ ಪ್ರಶ್ನೆಯನ್ನು ಯಾದಗಿರಿ, ಶಹಾಪುರ, ಸುರಪುರದ ಕಡೆ ಯಾರಿಗಾದರೂ ಕೇಳಿ ನೋಡಿ. "ಏನ್ ಕಲೀತಾವ್ರೀ ಅವು, ಅ ಆ ಇ ಈ, ಒಂದು ಎರಡು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ದೊಡ್ಡ ಕ್ಲಾಸಿನ ಲೆಕ್ಕ ಇಡುವವರು ಬಹಳ ಜನ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಅಂತ ಪೇಪರಿನವರು ಕೆಳಗಿನಿಂದ ಹುಡುಕುತ್ತಾರೆ. ಆದರೆ ಹತ್ತನೇ ಕ್ಲಾಸಿನಲ್ಲಿ ಕಾಣುವ ಕೊರತೆ ಹತ್ತನೇ ಕ್ಲಾಸಿನಲ್ಲೇ ಹುಟ್ಟಿದ್ದಲ್ಲ. ಅದರ ಬೇರು ಒಂದನೇ ಕ್ಲಾಸಿನ ಯಾವುದೋ ಒಂದು ವಾರದಲ್ಲಿದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ಕರ್ನಾಟಕದಲ್ಲೇ ಎಲ್ಲಕ್ಕಿಂತ ಕಡಿಮೆ. ರಾಜ್ಯದ್ದು ಶೇ. 75ರ ಮೇಲಿತ್ತು. ನಮ್ಮ ಹೆಣ್ಣುಮಕ್ಕಳದ್ದಂತೂ ಶೇ. 41ರ ಆಸುಪಾಸು. ಅಂದರೆ ನೂರು ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರವತ್ತು ಜನಕ್ಕೆ ಬಸ್ಸಿನ ಬೋರ್ಡು ಓದಲಿಕ್ಕೆ ಬರುತ್ತಿರಲಿಲ್ಲ. ನಮ್ಮ ಅಜ್ಜಿ ಆ ಅರವತ್ತರೊಳಗಿನವಳು.

ನಾನು ಶಹಾಪುರ ತಾಲೂಕಿನ ಹಳ್ಳಿಯವನು, ಈಗ ಬೆಂಗಳೂರಿನಲ್ಲಿ ಕೋಡ್ ಬರೆಯುವ ಕೆಲಸ. ಅಕ್ಕನನ್ನು ಸುರಪುರ ತಾಲೂಕಿಗೆ ಕೊಟ್ಟಿದ್ದೇವೆ. ಹಿಂದೊಮ್ಮೆ ದಸರಾ ರಜೆಗೆ ಮುಂಚೆ ಒಂದು ವಾರ ಅಕ್ಕನ ಮನೆಯಿಂದಲೇ ಆಫೀಸಿನ ಕೆಲಸ ಮಾಡಿದೆ. ಅಕ್ಕನ ಸಣ್ಣ ಮಗಳು ಆಗ ಒಂದನೇ ಕ್ಲಾಸು. ಮನೆಯಲ್ಲಿ ಆಕೆಗೆ ಎಲ್ಲರೂ "ಸಣ್ಣಾಕಿ" ಅಂತಾರೆ, ನಾನೂ ಹಾಗೇ ಕರೀತೀನಿ. ದಿನಾ ಸಂಜೆ "ಇವತ್ತು ಏನು ಕಲಿತೆಬೇ?" ಅಂತ ಕೇಳಿ, ಆಕೆ ಹೇಳಿದ್ದನ್ನು ಫೋನಿನಲ್ಲಿ ಗುರುತು ಹಾಕಿಕೊಂಡೆ. ಬೆಂಗಳೂರಿಗೆ ಬಂದ ಮೇಲೆ ಒಂದೊಂದರ ಹಿಂದಿನ ಇತಿಹಾಸ ಹುಡುಕುತ್ತಾ ಕೂತೆ. ಆರು ದಿನದ ಪಾಠ ಇನ್ನೂರು ವರ್ಷಕ್ಕೂ ಹಿಂದಕ್ಕೆ ಹೋಯಿತು.

ಸೋಮವಾರ: ಹಾಜರಿ

"ಸರ್ ಹೆಸರು ಕರದ್ರು, ನಾ ಹಾಜರ್ ಅಂದೆ." ಇದು ಸೋಮವಾರದ ಪಾಠ. ನಗಬೇಡಿ, ಇದೂ ಪಾಠವೇ. ಮನೆಯಲ್ಲಿ ಸಣ್ಣಾಕಿ ಆಗಿದ್ದವಳು ಪಟ್ಟಿಯಲ್ಲಿ ಬೇರೆ ಹೆಸರಿನವಳು. ಆ ಹೆಸರು ತನ್ನದೇ ಅಂತ ಗೊತ್ತಾಗಿ, ಎಲ್ಲರೆದುರು ಬಾಯಿ ಬಿಟ್ಟು ಉತ್ತರ ಕೊಡುವುದಕ್ಕೆ ಕೆಲವು ಮಕ್ಕಳಿಗೆ ತಿಂಗಳೇ ಬೇಕು.

ಆಕೆ ಆಡಿದ ಪದ ನೋಡಿ. ಹಾಜರ್ ಅನ್ನುವುದು ಅರಬ್ಬಿಯಿಂದ ಫಾರಸಿ, ಉರ್ದು ದಾಟಿ ಬಂದ ಮಾತು. ಹಾಜರಿ, ದಾಖಲಾತಿ ಎರಡೂ ಕಚೇರಿಯ ಮಾತುಗಳು. ನಮ್ಮ ಸೀಮೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಸುರಪುರ ಮಾತ್ರ ನಾಯಕ ಅರಸರ ಸಂಸ್ಥಾನ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ಆ ವರ್ಷವೇ ತೀರಿಕೊಂಡ. 1860ರ ಒಪ್ಪಂದದಲ್ಲಿ ಸುರಪುರವೂ ನಿಜಾಮರ ಕೈ ಸೇರಿತು. 1880ರ ದಶಕದಲ್ಲಿ ರಾಜ್ಯದ ಆಡಳಿತ ಭಾಷೆ ಫಾರಸಿಯಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ಮೇಲೆ ಉರ್ದು ಇದ್ದ ಮೇಲೆ ಕೆಳಗಿನ ಶಾಲೆಯೂ ಅದೇ ಕಡೆ ಮುಖ ಮಾಡಿತು. ಸಣ್ಣ ತರಗತಿಯಲ್ಲಿ ಕನ್ನಡ ಕಲಿತರೂ ಮುಂದೆ ಹೋಗಬೇಕೆಂದರೆ ಉರ್ದು ಬೇಕೇ ಬೇಕು. 1920ರ ದಶಕದಲ್ಲಿ ಖಾಸಗಿ ಶಾಲೆ ತೆರೆಯಲಿಕ್ಕೂ ಸರಕಾರದ ಪರವಾನಗಿ ಬೇಕೆಂಬ ನಿಯಮ ಬಂತು. ಊರವರೇ ಸೇರಿ ಕನ್ನಡ ಶಾಲೆ ನಡೆಸುವುದಕ್ಕೂ ಅದು ತೊಡಕಾಯಿತು.

ನಮ್ಮ ಅಜ್ಜ ನಾಲ್ಕು ಜಮಾತ್ ಓದಿದವನು. ಮನೆಯಲ್ಲಿ ಮಾತಾಡಿದ್ದೆಲ್ಲ ಕನ್ನಡ, ಸಹಿ ಮಾಡಿದ್ದು ಮಾತ್ರ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. 1948ರ ಸೆಪ್ಟೆಂಬರ್ 17ರ ನಂತರ ನಿಜಾಮರ ಆಳ್ವಿಕೆ ಹೋಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಜ್ಜ ಕೊನೆತನಕ ಸಹಿ ಬದಲಿಸಲಿಲ್ಲ. ಕನ್ನಡದಲ್ಲಿ ಬರೆಯೋ ಅಂದರೆ "ಕೈ ತಿರುಗಂಗಿಲ್ಲೋ" ಅಂತಿದ್ದ. ಒಂದನೇ ಕ್ಲಾಸಿನಲ್ಲಿ ಕೈ ಯಾವ ಕಡೆ ತಿರುಗುತ್ತದೋ ಆಯುಷ್ಯಪೂರ್ತಿ ಆ ಕಡೆಯೇ.

ಹಾಜರಿ ಪಟ್ಟಿಯಲ್ಲಿ ಹೆಸರಿನ ಜೊತೆ ಹುಟ್ಟಿದ ದಿನವೂ ಬೇಕು. ನಮ್ಮ ಕಾಲದಲ್ಲಿ ಜನನ ಪ್ರಮಾಣಪತ್ರ ಯಾರಲ್ಲಿ ಇತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು ಅಂತ ಲೆಕ್ಕ. ಜೂನ್ 1 ಅಂತ ಬರೆದುಕೊಂಡರೆ ಮುಗೀತು. ನನ್ನ ಓರಗೆಯ ಎಷ್ಟೋ ಮಂದಿಯ ಆಧಾರ್ ಕಾರ್ಡಿನಲ್ಲಿ ಇವತ್ತಿಗೂ ಜೂನ್ 1. ನನ್ನದೂ ಅದೇ. ಆಫೀಸಿನವರು ಆ ದಿನ ಕೇಕು ತರಿಸುತ್ತಾರೆ, ನಾನೂ ಸುಮ್ಮನೆ ಕೊಯ್ಯುತ್ತೇನೆ.

ಮಂಗಳವಾರ: ಸ

ಮಂಗಳವಾರ ಸಣ್ಣಾಕಿ ಪಾಟಿಯ ತುಂಬ "ಸ" ಬರೆದುಕೊಂಡು ಬಂದಳು. ರ, ಗ ಎರಡೂ ಆಗಲೇ ಬಂದಿದ್ದವು. "ಅ ಯಾಕೆ ಮೊದಲಿಲ್ಲ?" ಅಂತ ಅಕ್ಕನ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ.

ನಮ್ಮ ಸರಕಾರಿ ಶಾಲೆಗಳಲ್ಲಿ ಈಗಿರುವುದು ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ಬೆಳೆದ ಪದ್ಧತಿ ನೋಡಿ ಬಂದ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು, ಯುನಿಸೆಫ್ ನೆರವಿನಿಂದ 1995ರಲ್ಲಿ ಇದನ್ನು ಶುರು ಮಾಡಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಬರೆಯಲಿಕ್ಕೆ ಸುಲಭ, ಆಕಾರದಲ್ಲಿ ಹತ್ತಿರ, ಕೂಡಿಸಿದರೆ ಪದ ಆಗಬೇಕು. ಈ ಲೆಕ್ಕದಲ್ಲಿ ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಬಂದರೂ ಸರ, ಅರಸ, ಅಗಸ, ಗರಗಸ ಓದಬಹುದು. ಅ ಆ ಇ ಈ ಅಂತ ಹೋದರೆ ತಿಂಗಳಾದರೂ ಒಂದು ಪದ ಸಿಗುವುದು ಕಷ್ಟ.

ಅದಕ್ಕೂ ಮುಂಚಿನ ಕ್ರಮ ಹೇಗಿತ್ತು? ಅದಕ್ಕೆ ನಮಗೆ ಹತ್ತಿರದ, ನಂಬಬಹುದಾದ ದಾಖಲೆ ಬಳ್ಳಾರಿಯದು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿ ಕೊಟ್ಟ. ಈತ ತೆಲುಗು ವ್ಯಾಕರಣ ಬರೆದವನು, ದೇಶಭಾಷೆ ಬಲ್ಲವನು. ಸುಮಾರು ಒಂಬತ್ತೂ ಕಾಲು ಲಕ್ಷ ಜನರ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಫಾರಸಿ 21, ತಮಿಳು 4, ಇಂಗ್ಲಿಷಿನದು ಒಂದೇ ಒಂದು.

ಮಗುವಿಗೆ ಐದು ವರ್ಷ ತುಂಬಿದಾಗ ಗಣಪತಿಯನ್ನು ಪೂಜಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸಿ ಶಾಲೆಗೆ ಸೇರಿಸುತ್ತಿದ್ದರು ಅಂತ ಆತ ಬರೆದಿದ್ದಾನೆ. ನಮ್ಮಲ್ಲಿ ಮುಸ್ಲಿಮರ ಮನೆಗಳಲ್ಲಿ ಇದಕ್ಕೆ ಸಮನಾದದ್ದು ಬಿಸ್ಮಿಲ್ಲಾ ಶಾಸ್ತ್ರ, ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ಆದಾಗ. ಶಾಲೆಗೆ ಸೇರಿದ ಮೇಲೆ ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಯುರೋಪಿನಲ್ಲಿ ಮೊದಲು ಬಾಯಿಪಾಠ ಮಾಡಿಸುತ್ತಾರೆ, ಇಲ್ಲಿ ಮೊದಲು ಕೈ ಕಲಿಯುತ್ತದೆ ಅನ್ನುವುದನ್ನು ಕ್ಯಾಂಪ್‌ಬೆಲ್ ಗಮನಿಸಿದ್ದ. ಆಮೇಲೆ ತಾಳೆಗರಿ, ಕಾಗದ, ಇಲ್ಲವೇ ಕಡತ.

ಈ ಕಡತ ಅಂದರೆ ಏನು ಗೊತ್ತಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಹಾಕಿ ಮಾಡಿದ ಕಪ್ಪು ಪುಸ್ತಕ. ಬಳಪದಿಂದ ಬರೆಯುವುದು, ಬೇಡಾದರೆ ಒರೆಸುವುದು. ಮಕ್ಕಳು ಅಕ್ಷರ ತಿದ್ದಿದ ಆ ಪದ ಈಗ ತಹಸೀಲ್ದಾರ್ ಕಚೇರಿ ಸೇರಿಕೊಂಡಿದೆ. "ಕಡತ ವಿಲೇವಾರಿ ಆಗಿಲ್ರೀ, ಮುಂದಿನ ವಾರ ಬರ್ರಿ" ಅಂತ ಗುಮಾಸ್ತ ಹೇಳುವಾಗ ಅದು ಒಂದು ಕಾಲದ ಪಾಟಿ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಅಕ್ಷರದ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಶಹಾಪುರದಿಂದ ಹೆಚ್ಚು ದೂರವಿಲ್ಲದ ಭೀಮಾ ತೀರದ ಸನ್ನತಿಯಲ್ಲಿ 1989ರಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಅಶೋಕನ ಉಬ್ಬುಚಿತ್ರವೇ ಸಿಕ್ಕಿತು, ರಾಜ ಅಶೋಕ ಅಂತ ಹೆಸರು ಕೊರೆದದ್ದು. ಆ ಬ್ರಾಹ್ಮೀ ಲಿಪಿಯ ರ ಅಂದರೆ ಒಂದು ನಿಂತ ಗೆರೆ, ಅಷ್ಟೇ. ಅದು ಶತಮಾನಗಳಲ್ಲಿ ಬಾಗಿ, ತಲೆಕಟ್ಟು ಪಡೆದು ಇವತ್ತಿನ ದುಂಡನೆಯ ರ ಆಗಿದೆ. ಅರಸ ಅನ್ನುವ ಪದವನ್ನು ಮೊದಲ ತಿಂಗಳಲ್ಲೇ ಓದುವ ನಮ್ಮ ಮಕ್ಕಳ ನೆರೆಯಲ್ಲೇ ಅರಸನ ಹೆಸರು ಬರೆದ ಅಷ್ಟು ಹಳೆಯ ಕಲ್ಲಿದೆ.

ಬುಧವಾರ: ಎಣಿಕೆ

ಬುಧವಾರ ಹುಣಸೆಬೀಜ ಎಣಿಸಿದರಂತೆ. ಆರು ಬೀಜದಲ್ಲಿ ಎರಡು ತೆಗೆದರೆ ನಾಲ್ಕು. "ಮಾಮಾ, ನಾಕು ಉಳೀತಾವ, ಎಷ್ಟ್ ಸಲ ತಗದ್ರೂ ನಾಕೇ" ಅಂತ ಆಕೆ ಹೇಳಿದಾಗ ನನಗೆ ಖುಷಿಯಾಯಿತು. ಎಷ್ಟು ಸಲ ಮಾಡಿದರೂ ಉತ್ತರ ಅದೇ ಬರುತ್ತದೆ ಅನ್ನುವುದನ್ನು ಆರು ವರ್ಷದ ಮಗು ಕಂಡುಕೊಂಡಿದ್ದು ಸಣ್ಣ ವಿಷಯವಲ್ಲ. ನಮ್ಮ ಸಾಫ್ಟ್‌ವೇರಿನವರು ಇದನ್ನೇ ಪರೀಕ್ಷಿಸಲಿಕ್ಕೆ ಬೇರೆ ತಂಡ ಇಟ್ಟುಕೊಂಡಿರುತ್ತಾರೆ.

ನಾನು ಕಲಿತದ್ದು ಅಂಕಲಿಪಿಯಿಂದ. ಜಾತ್ರೆಯಲ್ಲಿ, ಕಿರಾಣಿ ಅಂಗಡಿಯಲ್ಲಿ ಸಿಗುತ್ತಿದ್ದ ತೆಳ್ಳನೆಯ ಪುಸ್ತಕ. ಮುಂದೆ ಅಕ್ಷರ, ಹಿಂದೆ ಮಗ್ಗಿ. ಸಂಜೆ ಗೋಡೆಗೆ ಒರಗಿ ಎಲ್ಲರೂ ಕೂಡಿ ಎರಡೊಂದ್ಲೆ ಎರಡು ಅಂತ ಕೂಗಬೇಕು. ಅಜ್ಜನ ಕಾಲದಲ್ಲಿ ಇಷ್ಟಕ್ಕೆ ಮುಗಿಯುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಬಾಯಿಗೆ ಬರಬೇಕಿತ್ತು. ಕಾರಣ ಇತ್ತು. ಹದಿನಾರಾಣೆಗೆ ರೂಪಾಯಿ, ಸೇರು, ಪಾವು, ಎಲ್ಲವೂ ಕಾಲು ಅರೆಯ ಲೆಕ್ಕ. ಅದರ ಮೇಲೆ ನಮ್ಮ ಕಡೆ ಎರಡು ಥರದ ರೂಪಾಯಿ ಓಡಾಡುತ್ತಿದ್ದವು. ನಿಜಾಮರ ಹಾಲಿ ಸಿಕ್ಕಾ ಒಂದು, ಬ್ರಿಟಿಷರದು ಇನ್ನೊಂದು. ಏಳು ಹಾಲಿಗೆ ಆರು ಬ್ರಿಟಿಷ್ ರೂಪಾಯಿ. ಸಂತೆಯಲ್ಲಿ ಎತ್ತು ಮಾರಿದವನು ಏಳರ ಮಗ್ಗಿ, ಆರರ ಮಗ್ಗಿ ಬಾರದಿದ್ದರೆ ಅಲ್ಲೇ ಮೋಸ ಹೋಗುತ್ತಿದ್ದ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯೇ ಪೈಸೆ ಆಯಿತು, ಮುಂದೆ ಮೆಟ್ರಿಕ್ ತೂಕ ಬಂತು, ಕಾಲಿನ ಮಗ್ಗಿ ಸದ್ದಿಲ್ಲದೆ ಅಂಕಲಿಪಿಯ ಹಿಂದಿನ ಪುಟಕ್ಕೆ ಸರಿಯಿತು.

ಬಾಯಿಪಾಠ ದಡ್ಡತನ ಅಂತ ಈಗ ಸುಲಭವಾಗಿ ಹೇಳುತ್ತೇವೆ. ಕಾಗದ ತುಟ್ಟಿಯಾಗಿದ್ದ ಕಾಲದಲ್ಲಿ ಬಾಯಿಯೇ ಪುಸ್ತಕ. ಆ ಲೆಕ್ಕ ಸಂತೆಯಲ್ಲಿ ಅನ್ನ ಉಳಿಸುತ್ತಿತ್ತು. ಆದರೆ ಆ ಮಗ್ಗಿ ಎಲ್ಲರಿಗೂ ಕಲಿಸುತ್ತಿರಲಿಲ್ಲ ಅನ್ನುವುದನ್ನೂ ಮರೆಯಬಾರದು. ಸಂತೆಯಲ್ಲಿ ಮೋಸ ಹೋದವರು ಶಾಲೆಯ ಮೆಟ್ಟಿಲು ಹತ್ತದವರು.

ಗುರುವಾರ: ಊಟದ ಸಾಲು

ಗುರುವಾರ ಆಕೆ ಹೇಳಿದ್ದೆಲ್ಲ ಊಟದ ಬಗ್ಗೆ. ಕೈ ತೊಳೆಯಬೇಕು, ಸಾಲಿನಲ್ಲಿ ಕೂಡಬೇಕು, ಎಲ್ಲರಿಗೂ ಬಡಿಸಿದ ಮೇಲೆ ಉಣ್ಣಬೇಕು, ತಟ್ಟೆ ತಾನೇ ತೊಳೆಯಬೇಕು. "ತತ್ತಿ ಸಿಪ್ಪಿ ನಾನೇ ಬಿಡಸ್ದೆ" ಅಂತ ಬೇರೆ. ಇದು ಯಾವ ಪುಸ್ತಕದಲ್ಲೂ ಇಲ್ಲದ ಪಾಠ. ಊರೊಳಗೆ ಒಂದೇ ಸಾಲಿನಲ್ಲಿ ಕೂತು ಉಣ್ಣದ ಮನೆಗಳ ಮಕ್ಕಳು ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಉಣ್ಣುತ್ತಾರೆ.

1995ರ ಆಗಸ್ಟ್ 15ಕ್ಕೆ ಕೇಂದ್ರದ ಯೋಜನೆ ಶುರುವಾದಾಗ ಕೊಟ್ಟದ್ದು ಬೇಯಿಸಿದ ಊಟ ಅಲ್ಲ. ಶೇ. 80 ಹಾಜರಿ ಇದ್ದವರಿಗೆ ತಿಂಗಳಿಗೆ ಮೂರು ಕೆಜಿ ಧಾನ್ಯ. ನಾನು ಆ ಅಕ್ಕಿ ಹೊತ್ತವನು. ಚೀಲ ಮನೆಗೆ ಹೋಗುತ್ತಿತ್ತು, ಮನೆಯಲ್ಲಿ ಎಂಟು ಬಾಯಿಗೆ ಹಂಚಿಕೆಯಾಗುತ್ತಿತ್ತು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಅಂತ ಬಿಸಿಯೂಟ ಶುರುವಾದದ್ದು ಕರ್ನಾಟಕದ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಆಗಿನ ಗುಲ್ಬರ್ಗಾ ಜಿಲ್ಲೆ, ಅಂದರೆ ನಾವೂ ಅದರಲ್ಲಿದ್ದೆವು. ಉಳಿದ ರಾಜ್ಯಕ್ಕೆ ಮರುವರ್ಷ. 2013ರ ಆಗಸ್ಟಿನಿಂದ ಹಾಲು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ, ಅದೂ ಮೊದಲು ನಮ್ಮ ಭಾಗದ ಜಿಲ್ಲೆಗಳಲ್ಲೇ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿ ಮಕ್ಕಳನ್ನೂ ಮೊಟ್ಟೆ ಇಲ್ಲದ ಗದಗ ಮಕ್ಕಳನ್ನೂ ತೂಗಿ ನೋಡಿದರು. ನಮ್ಮ ಮಕ್ಕಳು ಹೆಚ್ಚು ಬೆಳೆದಿದ್ದರು. ಮುಂದೆ ಇಡೀ ರಾಜ್ಯಕ್ಕೆ ಮೊಟ್ಟೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು.

ಹಿಂದುಳಿದ ಜಿಲ್ಲೆ ಅಂತ ನಮ್ಮನ್ನು ಕರೆಯುತ್ತಾರೆ, ಇರಲಿ. ಆದರೆ ರಾಜ್ಯದ ಮಕ್ಕಳೆಲ್ಲ ಇವತ್ತು ಉಣ್ಣುವ ಊಟವನ್ನು ಮೊದಲು ಉಂಡು ತೋರಿಸಿದವರು ನಮ್ಮ ಭಾಗದ ಮಕ್ಕಳು.

ಶುಕ್ರವಾರ: ತಟ್ಟೆ

ಶುಕ್ರವಾರ ಸಣ್ಣಾಕಿ ಇನ್ನೊಬ್ಬಳಿಗೆ ಕಲಿಸಿದಳಂತೆ. ನಲಿ-ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಕೂಡುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಮೆಟ್ಟಿಲಿಗೊಂದು ಕಾರ್ಡು. ಮಕ್ಕಳು ಕೂಡುವ ಗುಂಪಿಗೆ ತಟ್ಟೆ ಅಂತ ಹೆಸರು. ಒಂದರಲ್ಲಿ ಶಿಕ್ಷಕರೇ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅಷ್ಟಿಷ್ಟು. ಮತ್ತೊಂದರಲ್ಲಿ ಬಲ್ಲ ಮಗು ಬಾರದ ಮಗುವಿಗೆ ಹೇಳಿಕೊಡಬೇಕು, ಕೊನೆಯದರಲ್ಲಿ ತಾನೇ ಕಲಿಯಬೇಕು. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಕಪ್ಪು ಹಲಗೆ, ಮೇಲೆ ಮಕ್ಕಳ ಚಿತ್ರ ತೂಗುಹಾಕಿದ ಚಪ್ಪರ.

ಇದು ಹೊಸದು ಅಂತ ತರಬೇತಿಯಲ್ಲಿ ಹೇಳುತ್ತಾರೆ. ಆದರೆ ಮುಂದಿನ ಮಗು ಹಿಂದಿನ ಮಗುವಿಗೆ ಕಲಿಸುವುದನ್ನು ಕ್ಯಾಂಪ್‌ಬೆಲ್ ಬಳ್ಳಾರಿಯ ಅಯ್ಯಗಳ ಶಾಲೆಗಳಲ್ಲೇ ಕಂಡಿದ್ದ, ಮೆಚ್ಚಿದ್ದ. ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಅಂತ ಬರೆದಿದ್ದ. ಆಂಡ್ರೂ ಬೆಲ್ ಅನ್ನುವ ಪಾದ್ರಿ ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದ್ರಾಸಿನಿಂದ ಈ ಪದ್ಧತಿ ಒಯ್ದು ಅಲ್ಲಿ ಹರಡಿದ್ದ, ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರು.

ಹಳೆಯದೆಲ್ಲ ಚಂದ ಅಂತ ಹೇಳುತ್ತಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಅಂತ ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಇನ್ನು 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತಾ? 60. ನೂರಕ್ಕೆ ಒಂದೂ ಇಲ್ಲ.

ಸುರಪುರದಲ್ಲಿ 1841ರಿಂದ 1853ರವರೆಗೆ ಇದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಬಗ್ಗೆ ಅಕ್ಕರೆಯಿಂದ ಬರೆದಿದ್ದಾನೆ. ಆ ಹುಡುಗ ಇವನನ್ನು ಅಪ್ಪಾ ಅನ್ನುತ್ತಿದ್ದ, ಅವನ ಓದು ಬರಹದ ಕಾಳಜಿ ಇವನದು. ನಮ್ಮೂರ ಕಡೆಯ ಬಾಲ್ಯಗಳಲ್ಲಿ ಆಗ ಪುಸ್ತಕ ಸೇರಿದ್ದು ಅರಸನ ಬಾಲ್ಯ. ಈಗ ಸಣ್ಣಾಕಿಯ ಕೋಣೆಯಲ್ಲಿ 23 ಮಕ್ಕಳು, 13 ಹುಡುಗಿಯರು. ಯಾವ ಅರಸರ ಮನೆಯವರೂ ಅಲ್ಲ, ಆದರೆ ಒಬ್ಬೊಬ್ಬರದೂ ಹೆಸರಿನ ಮುಂದೆ ಮೈಲಿಗಲ್ಲಿನ ಗುರುತಿದೆ.

ಶನಿವಾರ: ಸರ ಅಂದರೆ ಯಾರು?

ಶನಿವಾರ ಬೆಳಗಿನ ಶಾಲೆ. ಸಣ್ಣಾಕಿ ಎರಡಕ್ಷರ ಕೂಡಿಸಿ ಓದಿದಳು, ಸ, ರ, ಸರ. "ಅಂದ್ರ ಏನು?" ಅಂದೆ. "ನಮ್ ಸರ್" ಅಂದಳು. ಕಾರ್ಡಿನಲ್ಲಿ ಕೊರಳ ಸರದ ಚಿತ್ರ ಇತ್ತಂತೆ, ಆದರೆ ಆಕೆಗೆ ಗೊತ್ತಿರುವ ಸರ್ ಬೇರೆ. ಗರಗಸವನ್ನಂತೂ ಆಕೆ ನೋಡಿಯೇ ಇಲ್ಲ, ಬಾಗಿಲು ಈಗ ಶಹಾಪುರದಿಂದ ತಯಾರಾಗಿಯೇ ಬರುತ್ತವೆ. ಓದಲು ಬಂತು, ಅರ್ಥ ಬೇರೆ ಕಡೆ ಹೋಯಿತು.

ಇದು ಒಬ್ಬಳ ಮಾತಲ್ಲ. ಶೈಲಜಾ ಮೆನನ್ ಮತ್ತು ಜೊತೆಗಾರರು ನಮ್ಮ ಯಾದಗಿರಿಯಲ್ಲಿ ಕನ್ನಡ ಓದುವ ಮಕ್ಕಳನ್ನು, ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಮರಾಠಿ ಓದುವ ಮಕ್ಕಳನ್ನು ಒಂದರಿಂದ ಮೂರನೇ ತರಗತಿವರೆಗೆ ಮೂರು ವರ್ಷ ಹಿಂಬಾಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಅವರು ಕಂಡದ್ದು ಇದೇ. ಅಕ್ಷರ ತಿದ್ದುವುದರಲ್ಲಿ, ನಕಲು ಮಾಡುವುದರಲ್ಲಿ ಹೊತ್ತು ಹೋಗುತ್ತದೆ. ಮಗು ಮಾತಾಡುವುದಕ್ಕೆ, ಅರ್ಥ ಹುಡುಕುವುದಕ್ಕೆ, ತನ್ನದನ್ನು ಬರೆಯುವುದಕ್ಕೆ ಜಾಗ ಕಡಿಮೆ. ಮೂರನೇ ತರಗತಿ ಮುಗಿದರೂ ಸರಳ ಪಾಠ ಓದಲಾಗದ ಮಕ್ಕಳು ಬಹಳ.

ಅಕ್ಷರ ಕಲಿಯುವುದು ನಿಜಕ್ಕೂ ಸಣ್ಣ ಕೆಲಸವಲ್ಲ. ವ್ಯಂಜನ 34, ಒಂದೊಂದಕ್ಕೆ ಕಾಗುಣಿತ 15, ಗುಣಿಸಿದರೆ 510 ಆಕಾರ. ಒತ್ತಕ್ಷರ ಬೇರೆ. ಕಂಪ್ಯೂಟರಿಗೆ ಯುನಿಕೋಡಿನಲ್ಲಿ ಕನ್ನಡಕ್ಕಿಟ್ಟಿರುವುದು 128 ಮನೆ, ಅದರಲ್ಲೂ ಕೆಲವು ಖಾಲಿ. ಕ ಒಂದು ಸಂಕೇತ, ಇ-ಕಾರದ ಗುಡಿಸು ಇನ್ನೊಂದು, ಎರಡೂ ಸೇರಿದರೆ ಕಿ ಅಂತ ಯಂತ್ರ ತಾನೇ ಕೂಡಿಸಿಕೊಳ್ಳುತ್ತದೆ. ಮಗು ಮಾತ್ರ ಅಷ್ಟೂ ಆಕಾರಗಳನ್ನು ಒಂದೊಂದಾಗಿ ಕಣ್ಣಿನಲ್ಲಿ ಹಿಡಿಯಬೇಕು. ಬೆಂಗಳೂರಿನ ಸೊನಾಲಿ ನಾಗ್ ಅವರ 2007ರ ಅಧ್ಯಯನವೂ ಇದನ್ನೇ ಹೇಳುತ್ತದೆ, ಕನ್ನಡದ ಅಕ್ಷರಗಳೆಲ್ಲ ಗಟ್ಟಿಯಾಗಲಿಕ್ಕೆ ಮಕ್ಕಳಿಗೆ ಒಂದೆರಡಲ್ಲ, ಹಲವು ವರ್ಷ ಬೇಕು.

ಅದರ ಮೇಲೆ ನಮ್ಮ ಮಾತು. ನಾವು ಮನೆ ಅನ್ನುವುದಿಲ್ಲ, ಮನಿ ಅಂತೀವಿ. ಮಳೆ ಮಳಿ, ಬೇಳೆ ಬ್ಯಾಳಿ, ಶಾಲೆ ಸಾಲಿ. ಒಂದು ಮಗು ಮನಿ ಅಂತ ಬರೆದರೆ ಕೆಂಪು ಗೆರೆ ಬೀಳುತ್ತದೆ. ಆದರೆ ಆ ಮಗು ಕೇಳಿದ ಸದ್ದನ್ನು ಸರಿಯಾದ ಅಕ್ಷರಕ್ಕೆ ಹಾಕಿದೆ ಅಲ್ಲವೇ? ಓದು ಬರಹದ ಕಠಿಣ ಭಾಗ ಅದೇ, ಅದು ಆಗಿಹೋಗಿದೆ. ಪುಸ್ತಕದಲ್ಲಿ ಹೀಗೆ ಬರೀತಾರೆ ಅಂತ ಹೇಳುವುದು ಉಳಿದಿದೆ, ಅಷ್ಟೇ. ತಾಂಡಾದಿಂದ ಬರುವ ಮಗುವಿಗೆ ಇನ್ನೂ ದೂರದ ದಾರಿ. ಅಲ್ಲಿ ತಾಯಿ ಯಾಡಿ, ರೊಟ್ಟಿ ಬಾಟಿ, ನೀರು ಪಾಣಿ. ಯಾದಗಿರಿಯ ಪೂರ್ವಕ್ಕೆ ಗುರುಮಠಕಲ್ ಕಡೆ ತೆಲುಗು, ಪಟ್ಟಣಗಳಲ್ಲಿ ದಖನಿ. ಅಜ್ಜನಿಗೆ ಉರ್ದು ಶಾಲೆಯಲ್ಲಿ ಆದದ್ದೇ ಈ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಆಗುತ್ತಿದೆ, ಮನೆಯ ಮಾತು ಹೊರಗೆ, ಶಾಲೆಯ ಮಾತು ಒಳಗೆ. ನಿಜಾಮರ ಶಾಲೆಯ ಬಗ್ಗೆ ಸಿಟ್ಟು ಮಾಡುವ ನಾವು ಇದನ್ನೂ ನೋಡಬೇಕು. ಸುರಪುರ ಭಾಗದಲ್ಲೇ ನಾನು ಕಂಡ ಶಿಕ್ಷಕರೊಬ್ಬರು ಲಂಬಾಣಿ ಪದಗಳ ಪಟ್ಟಿ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಸುತ್ತೋಲೆ ಬಂದಿದ್ದಕ್ಕಲ್ಲ, ಮಗು ಅಳುವುದು ನಿಲ್ಲಲಿ ಅಂತ.

ವಾರ ಮುಗಿದ ಮೇಲೆ

ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಕಡೆಯಿಂದ ಗುಳೆ ಶುರುವಾಗುತ್ತದೆ. ಬೆಂಗಳೂರು, ಪುಣೆ, ಮುಂಬೈ, ಗೋವಾ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ, ಮಕ್ಕಳು ಜೊತೆಗೆ. ನಾರಾಯಣಪುರದ ಕಾಲುವೆ ನೀರು ಮುಟ್ಟಿದ ಹೊಲದವರು ಉಳಿಯುತ್ತಾರೆ, ಮುಟ್ಟದವರು ಹೋಗುತ್ತಾರೆ. ಉಳಿದ ಊರುಗಳಲ್ಲೂ ಹತ್ತಿ ಬಿಡಿಸುವ ಹೊತ್ತಿಗೆ ಹಾಜರಿ ಪಟ್ಟಿಯಲ್ಲಿ ಖಾಲಿ ಮನೆಗಳು. ಒಂದನೇ ಕ್ಲಾಸಿನ ಮಗು ನಾಲ್ಕು ತಿಂಗಳು ತಪ್ಪಿಸಿಕೊಂಡರೆ ಹದಿನಾರು ಹದಿನೇಳು ವಾರ. ಒಂದು ವಾರದಲ್ಲಿ ಏನೇನಿದೆ ಅಂತ ಮೇಲೆ ನೋಡಿದ್ದೀರಿ, ಗುಣಿಸಿಕೊಳ್ಳಿ.

ಇಲ್ಲಿ ನಲಿ-ಕಲಿಯ ಒಂದು ಗುಣ ಹೇಳಲೇಬೇಕು. ಮಗು ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿನಿಂದ ಮತ್ತೆ ಏರಲಿ ಅಂತಲೇ ಆ ಏಣಿ ಮಾಡಿದ್ದು. ರಿಷಿ ವ್ಯಾಲಿಯ ಹಳ್ಳಿಗಳಲ್ಲೂ ಮಕ್ಕಳು ನಡುನಡುವೆ ತಪ್ಪಿಸಿಕೊಳ್ಳುತ್ತಿದ್ದರು, ಅದನ್ನು ನೋಡಿಯೇ ಹಾಗೆ ಕಟ್ಟಿದರು. ಸುರಪುರದ ಶಾಲೆಯ ಏಣಿಯೂ ಬೆಂಗಳೂರಿನ ಕನ್ನಡ ಸರಕಾರಿ ಶಾಲೆಯ ಏಣಿಯೂ ಒಂದೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತು ಅಂತ ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಅಂದರೆ ಇಲ್ಲಿ ಸ ಕಲಿತ ಮಗು ಅಲ್ಲಿ ಹೋಗಿ ದ ಕಲಿಯಬಹುದು, ಯುಗಾದಿಗೆ ಊರಿಗೆ ಬಂದು ಮುಂದಿನದು ಕಲಿಯಬಹುದು. ವ್ಯವಸ್ಥೆ ಕಾಗದದಲ್ಲಿ ಸರಿಯಾಗಿದೆ. ಮಗುವಿನ ಕೈ ಹಿಡಿದು ಆ ಶಾಲೆಯ ಬಾಗಿಲಿಗೆ ಕರೆದೊಯ್ಯುವವರು ಬೇಕು.

ನಾನು ಕೆಲಸ ಮಾಡುವ ಟೆಕ್ ಪಾರ್ಕಿನ ಹಿಂದೆ ಹೊಸ ಕಟ್ಟಡ ಏಳುತ್ತಿದೆ. ತಗಡಿನ ಶೆಡ್ಡುಗಳ ಕಡೆಯಿಂದ "ಎಲ್ಲಿಗ್ ಹೊಂಟಿದಿಯೋ" ಅನ್ನುವ ಮಾತು ಕೇಳುತ್ತದೆ, ಕಿವಿಗೆ ಗೊತ್ತಾಗುತ್ತದೆ ನಮ್ಮವರೇ ಅಂತ. ನಮ್ಮ ಕಡೆಯಿಂದ ಬಂದು ಇಲ್ಲಿ ನೆಲೆಯಾದವರು ನನ್ನಂಥವರು ಸಾವಿರಾರು ಜನ ಇದ್ದೇವೆ. ಅಂಥ ಶೆಡ್ಡಿನ ಹತ್ತಿರ ಆರೇಳು ವರ್ಷದ ಮಗು ಕಂಡರೆ ಊರು ಯಾವುದು ಅಂತ ಕೇಳುವುದರ ಜೊತೆಗೆ ಇನ್ನೊಂದು ಮಾತು ಕೇಳೋಣ: ನೀ ಎಷ್ಟನೇ ಮೈಲಿಗಲ್ಲಿಗೆ ಬಂದಿದ್ದಿ? ಮಗುವಿಗೆ ಅದು ಗೊತ್ತಿರುತ್ತದೆ. ಆಮೇಲಿನ ಕೆಲಸ ಹತ್ತಿರದ ಸರಕಾರಿ ಶಾಲೆ ಎಲ್ಲಿದೆ ಅಂತ ಅವರ ಅಪ್ಪ ಅವ್ವನಿಗೆ ತೋರಿಸುವುದು, ಬೇಕಾದರೆ ಒಂದು ದಿನ ರಜೆ ಹಾಕಿ ಜೊತೆಗೆ ಹೋಗುವುದು.